ದಾಹಿನೇ ದೇಖ್

ಮಕ್ಕಳು ಬಣ್ಣದ ಕಾಗದ ಕತ್ತರಿಸಿ ಸ್ವಾತಂತ್ರ್ಯೋತ್ಸವದ ಪರೇಡಿನ ಕೊಲಾಜ್ ಮಾಡಿದ್ದರು. ನೋಡುತ್ತಲೇ ಡ್ರಿಲ್ ಮೇಷ್ಟರ ಪಿತ್ತ ನೆತ್ತಿಗೇರಿತು. ‘ದಾಹಿನೇ ದೇಖ್’ ಎಂದೊಡನೆ ಎಲ್ಲರೂ ಬಲಕ್ಕೆ, ವೇದಿಕೆಯ ಅತಿಥಿಗಳತ್ತ ನೋಡಬೇಕು. ಇಲ್ಲಿ ಒಂದು ಮುಖ ಎಡಕ್ಕೆ ತಿರುಗಿತ್ತು.

“ಯಾರು ಇದನ್ನ ಅಂಟಿಸಿದ್ದು?”

“ನಾನು ಸರ್,” ಎಂದಳು ಲೋಹಿತಾ. “ನಮ್ಮನ್ನ ನೋಡೋಕೆ ಬಂದೋರೆಲ್ಲ ಎಡಗಡೆ ಬಿಸಿಲಲ್ಲಿ ನಿಂತಿರ್ತಾರೆ. ನಮ್ಮಮ್ಮನೂ ಅಲ್ಲೇ.”

ಮೇಷ್ಟರು ಆ ಕಾಗದದ ತಲೆಯನ್ನು ಕಿತ್ತೆಸೆದರು. “ಹಾಗಾದ್ರೆ ನೀನೂ ಅಲ್ಲೇ ಹೋಗಿ ನಿಂತ್ಕೊ. ನನ್ನ ಪರೇಡಲ್ಲಿ ನಿನಗೆ ಜಾಗ ಇಲ್ಲ.”



ಹಬ್ಬದ ದಿನ ತುಕಡಿ ವೇದಿಕೆಯ ಮುಂದೆ ಬಂತು. ಅತಿಥಿಗಳು ಸೆಲ್ಯೂಟಿಗೆ ಕೈಯೆತ್ತಿದರು. ಮೇಷ್ಟರು ಗಂಟಲು ಹರಿಯುವಂತೆ ಆಜ್ಞೆ ಕೂಗಿದರು.

ಅಷ್ಟೂ ಮಕ್ಕಳ ಕತ್ತು ಒಟ್ಟಿಗೆ ಎಡಕ್ಕೆ ಹೊರಳಿತು.