ಏಳನೇ ಹಾಳೆ

ಏಳನೇ ಹಾಳೆ ಬಿಡಿಸುತ್ತಿದ್ದಂತೆ ಏಣಿಯ ಮೇಲಿದ್ದ ಪೋಸ್ಟರ್ ಅಂಟಿಸುವವನ ಕೈ ನಿಂತುಹೋಯಿತು. ಹನ್ನೆರಡು ಹಾಳೆ ಸೇರಿದರೆ ಒಂದು ಸರ್ಕಾರಿ ಜಾಹೀರಾತು. ಮುಖ ಬರುವುದು ಏಳರಲ್ಲಿ. ಬಲಗಡೆ ಹುಬ್ಬಿನ ಮೇಲೆ ಹಳೇ ಗಾಯದ ಗೆರೆ. ಆ ಗೆರೆಯನ್ನು ಅವನು ಹನ್ನೆರಡು ವರ್ಷ ಪಕ್ಕದ ದಿಂಬಿನ ಮೇಲೆ ನೋಡಿದ್ದ.

"ಏನಾಯ್ತು ಭಾವ?" ಏಣಿ ಹಿಡಿದಿದ್ದ ಭಾವಮೈದ ಕತ್ತೆತ್ತಿದ. "ಅಯ್ಯೋ... ಅಕ್ಕ ಅಲ್ವಾ ಅದು?"

ಅವಳೇ. ಸತ್ತು ಇಪ್ಪತ್ತು ದಿನವಾಗಿತ್ತು. 'ಎಲ್ಲರಿಗೂ ಹಾಸಿಗೆ, ಎಲ್ಲರಿಗೂ ಚಿಕಿತ್ಸೆ' ಎಂಬ ದಪ್ಪಕ್ಷರಗಳ ಕೆಳಗೆ ಬಿಳಿ ದಿಂಬಿಗೊರಗಿ ನಗುತ್ತಿದ್ದಳು. ಆಸ್ಪತ್ರೆಗೆ ಕ್ಯಾಮೆರಾದವರು ಬಂದ ದಿನ, ವರಾಂಡದ ನೆಲದ ಮೇಲಿದ್ದವಳನ್ನು ಎತ್ತಿ ಮಂಚಕ್ಕೆ ಹಾಕಿ, ತಲೆ ಬಾಚಿಸಿ, "ನಗಮ್ಮ" ಎಂದಿದ್ದರು. ಪಾಪ, "ಬೆಡ್ ಸಿಕ್ತು ರೀ" ಎಂದು ಅವಳು ನಿಜವಾಗಿಯೇ ನಕ್ಕಿದ್ದಳು. ಫೋಟೊ ಮುಗಿದದ್ದೇ ಮತ್ತೆ ವರಾಂಡ.

"ಹರಿದು ಬಿಸಾಕು ಭಾವ!"

"ಮನೇಲಿ ಅವಳದ್ದು ಒಂದು ಫೋಟೊನೂ ಇಲ್ಲ ಕಣೋ. ಮಗಳು ದಿನಾ ಕೇಳ್ತಾಳೆ."

ಅವನು ಅಂಟಿಸಿದ್ದು ಗಾಳಿಮಳೆಗೂ ಜಗ್ಗುವುದಿಲ್ಲ ಎಂಬ ಹೆಸರಿತ್ತು. ಇವತ್ತು ಮೊದಲ ಸಲ ಅಂಟಿಗೆ ನೀರು ಬೆರೆಸಿದ. ಏಳನೇ ಹಾಳೆಗೆ ಮಾತ್ರ, ಒಂದು ಗಂಟೆ ನಿಂತರೆ ಸಾಕೆನ್ನುವಷ್ಟು ತೆಳ್ಳಗೆ ಬಳಿದ. ಮಿಕ್ಕ ಐದೂ ಹಾಳೆ ಮುಗಿಯುವ ಹೊತ್ತಿಗೆ ಮೇಲ್ವಿಚಾರಕ ಬಂದ. ಕೆಲಸವಾಗಿದೆ ಎಂದು ಮೇಲಿನವರಿಗೆ ಕಳಿಸಲು ಮೊಬೈಲಿನಲ್ಲಿ ಗೋಡೆಯ ಚಿತ್ರ ತೆಗೆದ.

"ಎಷ್ಟು ಚೆನ್ನಾಗಿ ನಗ್ತಿದ್ದಾಳಲ್ಲಯ್ಯ ಹೆಂಗಸು!"

ಭಾವಮೈದ ಹಲ್ಲು ಕಚ್ಚಿಕೊಂಡ. ಅಂಟಿಸುವವನು ಮಾತ್ರ "ಹೂಂ ಸಾರ್" ಎಂದ.

ಮೇಲ್ವಿಚಾರಕನ ಬೆನ್ನು ಕಂಡದ್ದೇ ತಡ, ಮತ್ತೆ ಏಣಿ ಹತ್ತಿ ಹಾಳೆಯನ್ನು ಮೂಲೆಯಿಂದ ಮೆಲ್ಲಗೆ ಸುಲಿದ. ಒಂದು ಚೂರೂ ಹರಿಯಲಿಲ್ಲ. ಗೋಡೆಯ ಮೇಲೆ ಮಂಚ, ಹೊದಿಕೆ, ದಪ್ಪಕ್ಷರಗಳು ಉಳಿದವು.

ಸಂಜೆ ಮನೆಯಲ್ಲಿ ಅದನ್ನು ನೆಲಕ್ಕೆ ಹಾಸಿದ. ಗೋಡೆಗೆ ಹಿಡಿಸುವಷ್ಟು ಚಿಕ್ಕದಾಗಿರಲಿಲ್ಲ. ಎಂಟು ವರ್ಷದ ಮಗಳು ಅಮ್ಮನ ಕೆನ್ನೆಯ ಪಕ್ಕ ಕೂತು, ಹುಬ್ಬಿನ ಗೆರೆ ಸವರಿ, ಆ ನಗುವನ್ನೇ ತುಂಬ ಹೊತ್ತು ನೋಡಿದಳು.

"ಅಮ್ಮಂಗೆ ವಾಸಿಯಾಗಿತ್ತಲ್ಲ ಅಪ್ಪಾ," ಎಂದಳು. "ಮತ್ಯಾಕೆ ಸತ್ತೋದ್ಲು?"