ಕೆನ್ನೆಯ ಮೇಲಿನ ದೃಷ್ಟಿಬೊಟ್ಟು

ಅಕ್ಕ ತೀರಿಕೊಂಡು ವರ್ಷಗಳಾದವು, ಈಗಲೂ ಪೇಂಟಿನ ವಾಸನೆ ಬಂದರೆ ನಾನು ತಟ್ಟೆ ಬಿಟ್ಟು ಎದ್ದುಬಿಡುತ್ತೇನೆ.

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಆ ಕೊನೆಯ ವರ್ಷ ಒಂದು ಮಧ್ಯಾಹ್ನ ಮೇಷ್ಟ್ರು ನಮ್ಮನ್ನೆಲ್ಲ ವಿಜಯನಗರ ಬಡಾವಣೆಯ ಬೀದಿಗೋಡೆಗಳ ಮೇಲೆ ಹೊಸದಾಗಿ ಬರೆಯುತ್ತಿದ್ದ ಚಿತ್ರಗಳನ್ನು ತೋರಿಸಲು ನಡೆಸಿಕೊಂಡು ಹೋದರು. ಒರಟು ಗೋಡೆಯೊಂದರ ಮೇಲೆ ನನ್ನದೇ ಮುಖವಿತ್ತು, ಕೆನ್ನೆಗೆ ದೃಷ್ಟಿಬೊಟ್ಟು ಬೇರೆ. ಪಕ್ಕದಲ್ಲಿ ಅಪ್ಪನ ಹರಿದ ಅಂಗಿ ತೊಟ್ಟು, ಮೊಣಕೈವರೆಗೂ ಬಣ್ಣ ಮೆತ್ತಿಕೊಂಡು, ಗೋಡೆಗೆ ಚಿತ್ರ ಬರೆಯುವ ಕೂಲಿಗೆ ಬಂದಿದ್ದ ಅಕ್ಕ ನಗುತ್ತ ನಿಂತಿದ್ದಳು.

"ಲೋ, ಇದು ನೀನೇ ಕಣೋ! ಆ ಪೇಂಟರಮ್ಮ ನಿಮ್ಮಕ್ಕನಾ?" ಎಂದು ಹುಡುಗರು ನಕ್ಕರು.

"ಅವ್ರು ಯಾರೋ ನಂಗೊತ್ತಿಲ್ಲ," ಎಂದೆ.

ಅಕ್ಕ ನನ್ನನ್ನೊಮ್ಮೆ ನೋಡಿದಳು. "ಹೌದ್ರಪ್ಪಾ, ದಾರೀಲಿ ಹೋಗೋ ಯಾವ್ದೋ ಹುಡುಗನ್ನ ನೋಡಿ ಬರ್ದಿದ್ದು," ಎಂದಳು.

ಮರುದಿನ ಒಬ್ಬನೇ ಹೋಗಿ ನೋಡಿದೆ. ಅವಳು ಆ ಮುಖಕ್ಕೆ ಬಿಳಿ ಬಣ್ಣ ಬಳಿದಿದ್ದಳು. ದೃಷ್ಟಿಬೊಟ್ಟನ್ನು ಮಾತ್ರ ಹಾಗೆಯೇ ಬಿಟ್ಟಿದ್ದಳು.