ಮೂಗು ಮುಚ್ಚಿಕೊಂಡ ಆಫೀಸರು

ಬೇಯುವ ರೇಷ್ಮೆಗೂಡಿನ ವಾಸನೆ ಬಂದರೆ ಈಗಲೂ ನನಗೆ ನಗು ಬರುತ್ತದೆ.

ನಾನಾಗ ಲಂಗ ಹಾಕುತ್ತಿದ್ದ ಹುಡುಗಿ. ಹೊನ್ನೂರಿನ ನಮ್ಮ ಹಿತ್ತಲಲ್ಲಿ ಅಜ್ಜಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದಳು. ಇಸ್ತ್ರಿ ಅಂಗಿಯವನೊಬ್ಬ ಬಂದ. ತಾನು ರೇಷ್ಮೆ ನೂಲು ತೆಗೆಸುವ ಫ್ಯಾಕ್ಟರಿಯ ಆಫೀಸರೆಂದೂ, ನನ್ನ ಸೋದರತ್ತೆಗೆ ಅಲ್ಲಿ ಕೆಲಸ ಗೊತ್ತುಮಾಡಿರುವುದಾಗಿಯೂ, ಫೀಸು ಕೊಟ್ಟರಾಯಿತೆಂದೂ ಹೇಳಿದ. ಅತ್ತೆ ಆಗಲೇ ಮಲ್ಲಿಗೆ ಮುಡಿದು, ಫೀಸಿಗೆಂದು ಕಿವಿಯೋಲೆ ಬಿಚ್ಚಿ ಅಂಗೈಯಲ್ಲಿ ಹಿಡಿದಿದ್ದಳು.

ಅಷ್ಟರಲ್ಲಿ ಗಾಳಿ ತಿರುಗಿತು. ಅವನು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ.

"ಥೂ, ಏನ್ ಸತ್ತೋಗಿದೆ ಇಲ್ಲಿ?"

ಅಜ್ಜಿಯ ರಾಟೆ ನಿಂತಿತು. "ಗೂಡು ಬೇಯೋ ವಾಸ್ನೆ ಗೊತ್ತಿಲ್ದೋನು, ಅದ್ಯಾವ್ ಸೀಮೆ ರೇಷ್ಮೆ ಆಪೀಸರ್ಲಾ ನೀನು?"

ಅಜ್ಜಿ ಸೌಟು ಎತ್ತುವಷ್ಟರಲ್ಲಿ ಅವನು ಬೇಲಿ ಹಾರಿದ್ದ. ಒಂದು ಬೂಟು ನಮ್ಮ ತಿಪ್ಪೆಯಲ್ಲೇ ಉಳಿಯಿತು.

ಅತ್ತೆಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುತ್ತಲೇ, ಕೆಲಸ ಸಿಕ್ಕಿತೆಂದು ಮುಡಿದಿದ್ದ ಮಲ್ಲಿಗೆಯನ್ನು ತೆಗೆದು ನನ್ನ ಜಡೆಗೆ ಮುಡಿಸಿದಳು.